ಕುಲುಮೆ ಮುಂದಿನ ಕಲ್ಲು

ಧರ್ಮಪುರ
೧೧-೮-೨೦೨೪

ಮಗಳು ಮೇಘಶ್ರೀಗೆ ನಿನ್ನಪ್ಪನ ಆಶೀರ್ವಾದ.

ಅಮ್ಮನ ಮಂಡಿನೋವು ಒಂದು ಬಿಟ್ಟರೆ ಇಲ್ಲಿ ಎಲ್ಲ ಕ್ಷೇಮ. ನೀನು ಫೋನ್ ಮಾಡಿ ಹದಿನೈದು ದಿನವಾಯಿತು, ತಡವಾಯಿತೆಂದು ಬೈದುಕೊಳ್ಳಬೇಡ. ಶೇಂಗಾ ಹೊಲಗಳಲ್ಲಿ ಕಳೆ ಎದ್ದು ಕುಲುಮೆಯಲ್ಲಿ ಕೈಗೆ ಬಿಡುವಿಲ್ಲ. ಅದು ನೆಪ. ಫೋನಿನಲ್ಲಿ ಮಾತಾಡಿದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ, ಅದು ನಿಜ.

ದೆಹಲಿಯಲ್ಲಿ ನನ್ನ ಮಗಳು ಸಂಸದರ ಸಮಿತಿಗೆ ವರದಿ ಬರೆದುಕೊಡುತ್ತಾಳೆಂದು ಊರೆಲ್ಲ ಹೇಳಿಕೊಂಡು ಮೆರೆಯುವವನು ನಾನು. ಈ ಸಲ ಅದರಲ್ಲಿ ಒಂದು ಸಾಲು ಬರೆದೆಯಂತೆ: ಬೇರೆ ದೇಶದ ಸರ್ಕಾರಕ್ಕೆ ಆಯುಧ ಮಾರುವ ಮೊದಲು, ಅದನ್ನು ಯಾರ ಮೇಲೆ ಎತ್ತುತ್ತಾರೆಂದು ಸಂಸದರು ಕೇಳಿ ಒಪ್ಪಬೇಕು ಎಂದು. ಅವರು ಓದುವ ಮೊದಲೇ ಅದನ್ನು ತೆಗೆ, ಇಲ್ಲದಿದ್ದರೆ ವರ್ಗಾವಣೆ ಎಂದರಂತೆ ನಿನ್ನ ಮೇಲಧಿಕಾರಿ. "ಏನ್ಮಾಡ್ಲಪ್ಪ?" ಅಂದೆ ನೀನು. "ನೋಡಾಣ" ಅಂದು ಫೋನ್ ಇಟ್ಟುಬಿಟ್ಟೆ ನಾನು.

ಮೊನ್ನೆ ಕುಲುಮೆಗೆ ಬಂದ ಪರಮೇಶ್ವರಪ್ಪ ಮೇಷ್ಟ್ರ ಹತ್ತಿರ ನಿನ್ನ ಹೆಸರೆತ್ತದೆ ವಿಷಯ ತೆಗೆದೆ. ನಾವು ಮಾರದಿದ್ದರೆ ಇನ್ನೊಬ್ಬ ಮಾರುತ್ತಾನೆ, ಕೊಂಡವನ ಪಾಪ ಕೊಂಡವನಿಗೆ ಎಂದರು. ಕುಡುಗೋಲು ತಟ್ಟಿಸಲು ಬಂದಿದ್ದ ಕುರಿ ಕಾಯುವ ಉಚ್ಚಂಗಮ್ಮ ಸುಮ್ಮನಿರಬೇಕಲ್ಲ.

"ಮೇಷ್ಟ್ರೆ, ಹಂಗಾದ್ರೆ ನೀವು ಕುಂತಿರೋ ಕಲ್ಲು ಇಲ್ಲಿ ಯಾತಕ್ಕೈತೆ?" ಅಂದಳು. ಮೇಷ್ಟ್ರು ಕೂತಲ್ಲೇ ಮಿಸುಕಾಡಿದರು.

ಆ ಕಲ್ಲಿನ ಮೇಲೆ ಕೂತೇ ನೀನು ಅಕ್ಷರ ತಿದ್ದಿದ್ದು. ಆದರೆ ಅದು ಇರುವುದು ಅದಕ್ಕಲ್ಲ. ಕುಡುಗೋಲು, ಗುದ್ದಲಿ ಯಾರು ಕೇಳಿದರೂ ಬಡಿದುಕೊಡುತ್ತೇವೆ. ಹೊರಗಿನವನು ಮಚ್ಚು ಕೇಳಿಕೊಂಡು ಬಂದರೆ ಮಾತ್ರ, ಅವನನ್ನು ಬಲ್ಲ ಊರಿನವರೊಬ್ಬರು ಬಂದು ಆ ಕಲ್ಲಿನ ಮೇಲೆ ಕೂರಬೇಕು. ಯಾತಕ್ಕೆ ಬೇಕು ಎಂದು ಅವರ ಎದುರಿಗೆ ಕೇಳಿ, ಅವರು ಹೂಂ ಅಂದ ಮೇಲೆಯೇ ಕಬ್ಬಿಣ ಬೆಂಕಿಗಿಡುವುದು. ನಿಮ್ಮ ತಾತನ ಕಾಲದ ಕಟ್ಟಳೆ ಇದು. ಗಿರಾಕಿ ತಿರುಗಿ ಹೋದರೆ ಹೋಗಲಿ ಅನ್ನುತ್ತಿದ್ದರು ಅವರು. ನಿನ್ನ ಸಾಲು ಕೇಳುವುದೂ ಇಷ್ಟೇ ಅಲ್ಲವೇನಮ್ಮ?

ಅದನ್ನು ತೆಗೆಯಬೇಡ. ಸಂಸದರು ಬೇಡವೆಂದರೆ ಅನ್ನಲಿ, ಓದಿ ಅನ್ನಲಿ. ವರ್ಗವಾದ ಊರಿನಲ್ಲೂ ಅನ್ನ ಇರುತ್ತದೆ. ನಿನಗೆ ಹೆದರಿಕೆಯಾಗುತ್ತದೆಂದು ಗೊತ್ತು, ನನಗೂ ಆಗುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ಮಾರಮ್ಮ ನಿನ್ನನ್ನು ಕಾಯಲಿ.

ನಿನ್ನಪ್ಪ
ಎರ್ರಿಸ್ವಾಮಿ

ಇನ್ನೊಂದು ಮಾತು. ಮರೆತೆನೆಂದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹೊಲದ ಬದುವಿನ ಜಗಳದಲ್ಲಿ ನಿನ್ನ ಸೋದರಮಾವ ನಿರಂಜನನನ್ನು ಕಡಿದು ಕೊಂದ ಮಚ್ಚು ನಾನು ಬಡಿದದ್ದು. ಗುರುತಿಲ್ಲದವನು ಒಬ್ಬನೇ ಬಂದಿದ್ದ. ಸಂತೆಯ ದಿನ, ಗಿರಾಕಿಗಳ ನೂಕುನುಗ್ಗಲು, ಏನೂ ಕೇಳದೆ ಕೊಟ್ಟೆ. ಆಮೇಲೆ ಪೊಲೀಸರು ತೋರಿಸಿದಾಗ ಹಿಡಿಯ ಹತ್ತಿರ ನಮ್ಮ ಕುಲುಮೆಯ ಗುರುತು ಕಂಡಿತು. ನನ್ನದಲ್ಲ ಅಂದೆ. ನಿಮ್ಮಮ್ಮನಿಗೂ ಹೇಳಿಲ್ಲ. ಹನ್ನೊಂದು ವರ್ಷವಾಯಿತು. ನಿಮ್ಮಮ್ಮ ಈಗಲೂ ಮಧ್ಯಾಹ್ನ ಬುತ್ತಿ ತಂದು, ನಾನು ಉಂಡು ಏಳುವ ತನಕ ಆ ಕಲ್ಲಿನ ಮೇಲೆಯೇ ಕೂತಿರುತ್ತಾಳೆ.