ಜುಲ್ಮಾನೆಯಿಂದ ಉಳಿದ ಅಪೀಲು

ಅಪ್ಪಾ,

ಈ ಕಾಗದಕ್ಕೆ ವಿಳಾಸ ಬರೆಯುವ ಕೆಲಸವಿಲ್ಲ, ಅದೊಂದು ಅನುಕೂಲ. ಕ್ಷೇಮ ಸಮಾಚಾರ ಕೇಳುವುದೂ ಬೇಕಿಲ್ಲ. ನೇರ ವಿಷಯಕ್ಕೇ ಬರುತ್ತೇನೆ. ನಿಮ್ಮ ಅಪೀಲಿನ ತೀರ್ಪು ಮೊನ್ನೆ ಗುರುವಾರ ಬಂತು. ನೀವು ಹೋಗಿ ಹನ್ನೊಂದು ತಿಂಗಳಾದ ಮೇಲೆ.

ಛತ್ರದಲ್ಲಿ ಬೆಳ್ಳಿ ಕಾಣೆಯಾಗಿದೆ ಎಂದು ಗೊತ್ತಾದ ದಿನ ನೀವು ಮನೆಗೆ ಬಂದು ಜಗಲಿಯ ಮೇಲೆ ಕೂತ ರೀತಿ ನನ್ನ ಕಣ್ಣ ಮುಂದಿದೆ. ಅಗ್ರಹಾರದ ಆ ಛತ್ರದ ಉಗ್ರಾಣವನ್ನು ಇಪ್ಪತ್ತೆರಡು ವರ್ಷ ನೋಡಿಕೊಂಡವರು ನೀವು. ಒಂದು ಚಾಪೆ ಹೊರಗೆ ಹೋದರೂ ಪುಸ್ತಕದಲ್ಲಿ ಬರೆದು, ಒಯ್ದವರ ರುಜು ಹಾಕಿಸಿಕೊಳ್ಳುತ್ತಿದ್ದಿರಿ. ಎರಡು ಬೆಳ್ಳಿ ತಟ್ಟೆ, ಒಂದು ಪನ್ನೀರುದಾನಿ ಎಲ್ಲಿ ಹೋದವು ಎಂದರೆ, "ಯಜಮಾನ್ರ ಮಗಳ ಮದ್ವೆಗೆ ಅವ್ರ ಭಾಮೈದ ಬಂದು ಇಸ್ಕೊಂಡೋದ್ರು" ಅಂದಿರಿ. ರುಜು ಎಲ್ಲಿ ಎಂದು ಕೇಳಿದೆ. "ಛತ್ರ ನಡೆಸೋರೇ ಅವ್ರು. ಅವ್ರ ಮನೆಯವ್ರ ಕೈಲಿ ರುಜು ಹಾಕಿ ಅಂತ ಕೇಳಕ್ಕಾಯ್ತದಾ? ಮರ್ಯಾದೆ ಬ್ಯಾಡ್ವಾ?" ಎಂದು ನನ್ನನ್ನೇ ಗದರಿದಿರಿ. ಆ ಮರ್ಯಾದೆ ನಿಮಗೆ ಏನು ಕೊಟ್ಟಿತು, ಹೇಳಿ?

ನಿಮ್ಮ ಮೇಲೆ ಕಳ್ಳತನದ ಕೇಸು ಹಾಕಿ, ಮ್ಯಾಜಿಸ್ಟ್ರೇಟರ ಮುಂದೆ ಯಜಮಾನರು ಜರಿ ಪೇಟ ಸುತ್ತಿಕೊಂಡು ನಿಂತು, "ನಮ್ಮ ಮನೆಗೆ ಯಾವ ಸಾಮಾನೂ ಬಂದಿಲ್ಲ ಸ್ವಾಮಿ" ಎಂದಾಗ ನೀವು ತಲೆ ಎತ್ತಲಿಲ್ಲ. ಅವರು ನಿಮ್ಮ ಕಡೆ ನೋಡಿಯೂ ಇರಲಿಲ್ಲ. ಮೂರು ತಿಂಗಳ ಜೈಲು, ಐವತ್ತು ರೂಪಾಯಿ ಜುಲ್ಮಾನೆ. ಅಪೀಲು ಹಾಕಿ ಜಾಮೀನಿನ ಮೇಲೆ ಹೊರಗೆ ಬಂದಿರಿ. ಅಷ್ಟರಲ್ಲಿ ನಾವಿದ್ದ ಛತ್ರದ ಹಿಂದಿನ ಎರಡು ಕೋಣೆ ಖಾಲಿ ಮಾಡಿ ಎಂದು ಹೇಳಿ ಕಳಿಸಿದ್ದರು. ನೀವು, ಅಮ್ಮ, ನಾನು ಸಾಮಾನನ್ನು ಗಾಡಿಗೆ ಹೇರಿಕೊಂಡು ಕೆಸರೆಗೆ ಹೊರಟಾಗ, ನಿಮ್ಮ ಕೈಯಿಂದ ಪಂಕ್ತಿಯಲ್ಲಿ ಬಡಿಸಿಕೊಂಡು ಉಂಡವರೆಲ್ಲ ಬಾಗಿಲ ಸಂದಿಯಿಂದ ನೋಡಿದರು. ಒಬ್ಬರಾದರೂ ಹೊರಗೆ ಬಂದರಾ?

ನಿಮ್ಮ ತಿಥಿ ಮುಗಿದ ಮಾರನೇ ದಿನ ಮಂಡಕಳ್ಳಿಯ ಚಿಕ್ಕಪ್ಪ ಹೊರಡುವ ಮೊದಲು ನನ್ನನ್ನು ಕರೆದು ಕೂರಿಸಿಕೊಂಡರು. "ಸತ್ತೋನ್ನ ಕೋರ್ಟಿಗೆ ಎಳೀಬ್ಯಾಡ ಕಣವ್ವ. ಐವತ್ತು ರೂಪಾಯಿ ಬಿಸಾಕ್ಬುಟ್ಟು ಕೈ ತೊಳ್ಕೊ. ಬೇಕಾದ್ರೆ ನಾನೇ ಕೊಟ್ಟೇನು." ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಕಟ್ಟಿದ್ರೆ ಹೂಂ ಕದ್ದಿದ್ದು ನಿಜ ಅಂದಂಗಲ್ವಾ ಚಿಕ್ಕಪ್ಪ?" ಎಂದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

ವಕೀಲರ ಮನೆಗೆ ನಾನೊಬ್ಬಳೇ ಹೋದೆ. ಪಾಪ, ಅವರಿಗೂ ವಯಸ್ಸಾಯಿತು. "ಅಪೀಲು ಹಾಕಿದೋರು ತೀರಿಕೊಂಡ್ರೆ ಅಪೀಲೂ ಅವರ ಜೊತೆ ಹೋಗುತ್ತೆ ಕಣಮ್ಮ, ಕಾನೂನೇ ಹಾಗೆ" ಎಂದರು. ಹಾಗಾದರೆ ಯಾರೂ ಇನ್ನು ಏನೂ ಹೇಳುವುದಿಲ್ಲವಾ? ಕಳ್ಳ ಎಂದು ಬರೆದದ್ದು ಬರೆದ ಹಾಗೇ... ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ತಾಳಮ್ಮ. ಜೈಲಿನ ವಿಷಯ ಮುಗೀತು. ಜುಲ್ಮಾನೆ ಮುಗಿದಿಲ್ಲ. ಅದನ್ನ ನಿಮ್ಮಪ್ಪ ಬಿಟ್ಟುಹೋದ ಆಸ್ತೀಲಿ ವಸೂಲು ಮಾಡಬಹುದು. ಅದಕ್ಕೇ ಅದರ ಮೇಲಿನ ಅಪೀಲು ಸಾಯೋದಿಲ್ಲ" ಎಂದರು. ಕೇಳಿದಿರಾ? ಮನುಷ್ಯನ ಮಾನ ಅವನ ಜೊತೆಗೇ ಮಣ್ಣಾಗಬಹುದು, ಸರ್ಕಾರದ ಐವತ್ತು ರೂಪಾಯಿ ಮಾತ್ರ ಮಣ್ಣಾಗಬಾರದು! ಆ ಮ್ಯಾಜಿಸ್ಟ್ರೇಟರು ಜುಲ್ಮಾನೆ ಹಾಕದೆ ಬರೀ ಜೈಲಿಗೆ ಕಳಿಸಿದ್ದರೆ ನಿಮ್ಮ ಹೆಸರು ತೊಳೆಯುವುದಕ್ಕೆ ದಾರಿಯೇ ಇರುತ್ತಿರಲಿಲ್ಲ. ಆ ಜುಲ್ಮಾನೆಗೆ ಕೈ ಮುಗಿಯಬೇಕೋ, ಉಗಿಯಬೇಕೋ ನನಗೆ ತಿಳಿಯಲಿಲ್ಲ.

ಗುರುವಾರ ಸ್ಕೂಲಿನ ಕೆಲಸಕ್ಕೆ ರಜ ಹಾಕಿ ಸೆಷನ್ಸ್ ಕೋರ್ಟಿಗೆ ಹೋದೆ. ನಿಮ್ಮದಕ್ಕಿಂತ ಮೊದಲು ಮೂರು ಅಪೀಲುಗಳ ತೀರ್ಪು ಓದಿದರು. ಅಣ್ಣ ತಮ್ಮಂದಿರ ಮನೆ ಪಾಲು, ಗಂಡ ಬಿಟ್ಟವಳ ಜೀವನಾಂಶ, ಬಾಡಿಗೆದಾರನೊಬ್ಬನ ತಕರಾರು. ಗೆದ್ದವರೂ ಸೋತವರೂ ಎದ್ದು ಹೋದರು. ನಿಮ್ಮ ಹೆಸರು ಕೂಗಿದಾಗ ನಾನು ಎದ್ದು ನಿಂತೆ. ಜಡ್ಜಿಗಳು ಇಂಗ್ಲಿಷಿನಲ್ಲಿ ಓದಿದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಉಗ್ರಾಣಕ್ಕೆ ಇನ್ನೊಂದು ಬೀಗದ ಕೈ ಇತ್ತಂತೆ, ಅದು ಯಜಮಾನರ ಮನೆಯಲ್ಲೇ ಇರುತ್ತಿತ್ತಂತೆ, ಅವರ ಕಡೆಯ ಸಾಕ್ಷಿಯೇ ಅದನ್ನು ಒಪ್ಪಿದ್ದನಂತೆ. ಕೆಳಗಿನ ಕೋರ್ಟು ಆ ಮಾತನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ, ಆದ್ದರಿಂದ ಸಂಶಯದ ಲಾಭ ಆರೋಪಿಗೆ ಸಲ್ಲಬೇಕು. ಜುಲ್ಮಾನೆ ರದ್ದು.

"ಗೆದ್ದೆವು ಕಣಮ್ಮ" ಎಂದರು ವಕೀಲರು, ಮೆಟ್ಟಿಲಿಳಿಯುತ್ತಾ. "ಅಪ್ಪ ಕದ್ದಿಲ್ಲ ಅಂತ ಬರೆದಿದಾರಾ ಸಾರ್?" ಎಂದು ಕೇಳಿದೆ. ಅವರು, "ಕದ್ದರು ಅನ್ನೋಕೆ ಸಾಕ್ಷಿ ಸಾಲದು ಅಂತ ಬರೆದಿದಾರೆ. ಕೋರ್ಟು ಇದಕ್ಕಿಂತ ಜಾಸ್ತಿ ಹೇಳೋದಿಲ್ಲಮ್ಮ" ಎಂದರು. ನನಗೆ ಕೋಪ ನೆತ್ತಿಗೇರಿತು. ಇಷ್ಟಕ್ಕಾ ಇಷ್ಟು ದಿನ ಓಡಾಡಿದ್ದು? ಯಜಮಾನರು ಈಗ ಮುನಿಸಿಪಾಲಿಟಿ ಚುನಾವಣೆಗೆ ನಿಂತಿದ್ದಾರೆ, ಗೊತ್ತಾ? ಅವರನ್ನು ಯಾರೂ ಏನೂ ಕೇಳುವುದಿಲ್ಲ.

ದಾರಿಯುದ್ದಕ್ಕೂ ಬೈದುಕೊಂಡೇ ನಡೆದೆ. ಮನೆ ಹತ್ತಿರವಾದಂತೆ ಬೈಯಲು ಯಾರೂ ಉಳಿಯಲಿಲ್ಲ. ಪೊಲೀಸರು ನಿಮ್ಮನ್ನು ಮೊದಲ ಸಲ ವಿಚಾರಿಸಿ ಕಳಿಸಿದ ಸಂಜೆ ನಾನೇನು ಮಾಡಿದೆ ಎಂಬುದು ನೆನಪಾಯಿತು. ಆ ವರ್ಷ ನನಗೆ ಗಂಡು ನೋಡುತ್ತಿದ್ದಿರಿ. ನನಗೋಸ್ಕರವೇ ಅಪ್ಪ ಬೆಳ್ಳಿಗೆ ಕೈ ಹಾಕಿಬಿಟ್ಟರೇನೋ ಎಂದು... ನೀವು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಿರಿ. ನಾನು ರಾಗಿ ಗುಡಾಣದೊಳಗೆ ಭುಜದವರೆಗೆ ಕೈ ಬಿಟ್ಟು ತಡಕುತ್ತಿದ್ದೆ. ತಿರುಗಿ ನೋಡಿದರೆ ನೀವು ಬಾಗಿಲಲ್ಲಿ ನಿಂತಿದ್ದಿರಿ. ಬೈಯಲಿಲ್ಲ. "ಅಟ್ಟದ ಮೇಲೂ ನೋಡ್ಬುಡು ಕಣವ್ವ. ಆಮೇಲೆ ಮನಸ್ನಲ್ಲಿ ಉಳೀಬಾರ್ದು" ಎಂದಿರಿ. ನೀವು ಹೊರಗೆ ಹೋದ ಮೇಲೆ ನಾನು ಅಟ್ಟವನ್ನೂ ನೋಡಿದೆ ಅಪ್ಪ.

ಆಮೇಲೆ ನಾವಿಬ್ಬರೂ ಆ ಮಾತೆತ್ತಲೇ ಇಲ್ಲ. ಒಂದೇ ತಟ್ಟೆಯಿಂದ ಕಡಲೆಕಾಯಿ ತಿಂದೆವು, ನಿಮಗೆ ಕಷಾಯ ಕಾಯಿಸಿಕೊಟ್ಟೆ, ಕಾಲು ಒತ್ತಿದೆ. ನಾನು ನಂಬಿದ್ದೇನೆ ಎಂದು ಮಾತ್ರ ಹೇಳಲಿಲ್ಲ. ನೀವು ಕಾಯುತ್ತಿದ್ದಿರಾ?

ನಿನ್ನೆ ತೀರ್ಪಿನ ನಕಲು ತಂದು, ಅಮ್ಮನ ಮುಂದೆ ಕೂತು, ಸಾಲು ಸಾಲನ್ನೂ ಕನ್ನಡ ಮಾಡಿ ಓದಿದೆ. ಸಂಶಯದ ಲಾಭ ಎಂಬಲ್ಲಿಗೆ ಬಂದಾಗ ಅಮ್ಮ ತಡೆದಳು. "ಇದೆಲ್ಲ ನಂಗೆ ತಿಳ್ಯಾಕಿಲ್ಲ ಕಣೆ. ನಿಮ್ಮಪ್ಪ ತಗೊಂಡಿದ್ರೋ ಇಲ್ವೋ, ಅಷ್ಟು ಹೇಳು."

ಕಾಗದದಲ್ಲಿ ಅದು ಇರಲಿಲ್ಲ. ಕಾಗದ ಮಡಿಚಿಟ್ಟು, "ಅಪ್ಪ ತಗೊಂಡಿಲ್ಲ ಕಣಮ್ಮ" ಎಂದೆ. ಈ ಮೂರು ವರ್ಷದಲ್ಲಿ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ನಿಮ್ಮ ಮಗಳು
ಜಯ