ಅಳಿಸಿಹೋದ ಹನ್ನೆರಡನೆಯ ಕಂತು

ಮಹ್ದಿಯಾದ ಸಿ ಲಮ್ಜದ್ ಅವರಿಗೆ,

ಸ್ಫಾಕ್ಸಿನಿಂದ ಬೇಯಾಳ ಸಲಾಮು. ಇದನ್ನು ಇಂಟರ್ನೆಟ್ಟಿನ ನಮ್ಮ ಗುಂಪಿನಲ್ಲಿ ಹಾಕದೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅಲ್ಲಿ ಹಾಕಿದರೆ ನಾಲ್ಕು ಸಾವಿರ ಜನ ಓದುತ್ತಾರೆ, ನಾಲ್ಕು ಸಾವಿರ ಅರ್ಥ ಹಚ್ಚುತ್ತಾರೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು.

ನನ್ನ ಅಪ್ಪ ಶೆದ್ಲಿ ತೀರಿಕೊಂಡಾಗ ನನಗೆ ಮೂರು ವರ್ಷ. ಮನೆಯಲ್ಲಿ ಅಪ್ಪನ ಫೋಟೋಗಳಿವೆ, ಮೊಣಕೈ ಸವೆದ ಕೋಟು ಇದೆ. ದನಿ ಮಾತ್ರ ಇಲ್ಲ. ಆ ದನಿ ಇದ್ದದ್ದು ‘ಸುಬಿಯಾ ಮಾಮ’ ಎಂಬ ಗೊಂಬೆಯಾಟದಲ್ಲಿ. ಒಂದು ರಮಝಾನಿನಲ್ಲಿ, ಉಪವಾಸ ಬಿಟ್ಟು ಜನ ಇನ್ನೂ ಸೂಪಿನ ಬಟ್ಟಲು ಹಿಡಿದಿರುವಾಗಲೇ, ಟೀವಿಯಲ್ಲಿ ಹನ್ನೆರಡು ಕಂತು ಬಂತು. ಮಸಿ ಉಗುಳುವ ಮೀನಿನ ಹೆಸರಿಟ್ಟುಕೊಂಡ ಮುದಿ ಬೆಸ್ತನ ಕಥೆ. ಪರದೆಯ ಹಿಂದೆ ಕೂತು ಆ ಗೊಂಬೆಗೆ ಮಾತು ಕೊಡುತ್ತಿದ್ದವರು ಅಪ್ಪ. ಅದನ್ನು ತಯಾರಿಸಿದ ಸಣ್ಣ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಯಿತು. ಒಂದು ಕಂತೂ ಉಳಿದಿಲ್ಲ.

ಏಳು ವರ್ಷದ ಹಿಂದೆ ನನ್ನ ಔಷಧಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ‘ಸುಬಿಯಾ ಮಾಮನನ್ನು ಯಾರಾದರೂ ನೋಡಿದ್ದೀರಾ?’ ಎಂದು ಇಂಟರ್ನೆಟ್ಟಿನಲ್ಲಿ ಒಂದು ಸಾಲು ಬರೆದೆ. ಸಂಜೆಗೆ ಅರವತ್ತು ಜನ ಉತ್ತರಿಸಿದ್ದರು. ಅವರಲ್ಲಿ ಯಾರಿಗೂ ನನ್ನ ಅಪ್ಪ ಬೇಕಿರಲಿಲ್ಲ, ಅವರವರ ಬಾಲ್ಯ ಬೇಕಿತ್ತು. ಗಾಬೆಸಿನ ಹಲ್ಲಿನ ಡಾಕ್ಟರು ದಲೆಂದಾ ಗುಜರಿ ಸಂತೆಯಲ್ಲಿ ಗೋಣಿಗಟ್ಟಲೆ ಹಳೇ ಕ್ಯಾಸೆಟ್ಟು ಕೊಂಡಳು. ಪರದೇಶದ ಲಿಯೋನ್‌ನಲ್ಲಿ ಬಸ್ಸು ಓಡಿಸುವ ಒಬ್ಬ, ತನ್ನ ಮೃತ ಅಣ್ಣನ ಡೈರಿಯಲ್ಲಿ ಕಾರ್ಯಕ್ರಮದ ಹೊತ್ತು ಹುಡುಕಿದ. ಕೊನೆಯ ಕಂತಿನಲ್ಲಿ ಗೊಂಬೆ ಸತ್ತಿತೆಂದು ಕೆಲವರು, ಮದುವೆಯಾಯಿತೆಂದು ಕೆಲವರು ತಿಂಗಳುಗಟ್ಟಲೆ ಕಾದಾಡಿದರು. ಕಂತು ಸಿಕ್ಕಿತೆಂಬ ಸುದ್ದಿ ಸುಳ್ಳಾದ ದಿನವೂ ನನಗೆ ಊಟ ರುಚಿಸುತ್ತಿತ್ತು. ಒಮ್ಮೆ ದಲೆಂದಾ, "ಅಲ್ವೇ ಬೇಯಾ, ಅದು ಸಿಕ್ಕಿಬಿಟ್ರೆ ಆಮೇಲೆ ನಾವೇನ್ ಮಾಡೋದೇ?" ಎಂದು ಕೇಳಿದಾಗ ನಾನು ನಗಲಿಲ್ಲ. ನನಗೂ ಅದೇ ಹೆದರಿಕೆಯಿತ್ತು.

ಎರಡು ವರ್ಷದ ಹಿಂದೆ ನೀವು ಸೇರಿದಿರಿ. ಬಂದ ವಾರವೇ, ‘ಗೊಂಬೆಯ ಹಿಂದಿನ ನೀಲಿ ಪರದೆಗೆ ಮೀನಿನ ಅಂಟಿನ ವಾಸನೆ’ ಎಂದು ಬರೆದಿರಿ. ಎಲ್ಲರೂ ಮೆಚ್ಚಿದರು. ನಾನು ಮಾತ್ರ ಎರಡು ದಿನ ಆ ಸಾಲನ್ನೇ ನೋಡುತ್ತಾ ಕೂತೆ. ಟೀವಿಯಲ್ಲಿ ನೋಡಿದವನಿಗೆ ವಾಸನೆ ಹೇಗೆ ಗೊತ್ತಾಯಿತು? ಮತ್ತೆ ನೀವು ತಿಂಗಳಿಗೊಮ್ಮೆ ‘ತಾಯಿ ಹೇಗಿದ್ದಾರೆ?’ ಎಂದು ವಿಚಾರಿಸುತ್ತಿದ್ದಿರಿ. ನನ್ನ ತಾಯಿಯ ಗೊಡವೆ ನಿಮಗೇಕೆ?

ಈ ಮಾರ್ಚಿನಲ್ಲಿ ನೀವು ಮೂರು ನಿಮಿಷದ ದನಿ ಕಳಿಸಿದಿರಿ. ಹನ್ನೆರಡನೆಯ ಕಂತಿನದು, ಯಾರೋ ಟೀವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು ಎಂದಿರಿ. ಗುಂಪು ಗೋಳೋ ಎಂದು ಅತ್ತಿತು. ನಾನೂ ಅತ್ತೆ. ಅತ್ತು ಮುಗಿಸಿ ಮುಖ ತೊಳೆಯುವಾಗಲೇ ಅನುಮಾನ ತಲೆ ಎತ್ತಿತ್ತು. ಅಮ್ಮ ಮನ್ನೂಬಿಯಾಳ ಕಿವಿಗೆ ಫೋನು ಹಿಡಿದೆ. ಅವಳು ಬಟಾಣಿ ಬಿಡಿಸುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದಳು.

"ಇವನ್ಯಾರೋ ಒಳ್ಳೇ ಮನುಷ್ಯ. ಆದ್ರೆ ನಿಮ್ಮಪ್ಪ ಅಲ್ಲ ಕಣೇ" ಎಂದಳು. "ಸಮುದ್ರ, ಸಮುದ್ರ ಅಂತಾನಲ್ಲ ಇವನು! ನಿಮ್ಮಪ್ಪನ ನಾಲಿಗೆಗೆ ‘ರ’ ಹೊರಳ್ತಿರ್ಲಿಲ್ಲ. ಗೊಂಬೆ ಬಾಯಿಗೆ ಅಂಥ ಮಾತೇ ಹಾಕ್ತಿರ್ಲಿಲ್ಲ. ಬರೀ ಕಡಲು ಅಂತಿದ್ದ. ಊರೆಲ್ಲ ನೋಡ್ತು, ಒಬ್ರಿಗೂ ಗೊತ್ತಾಗ್ಲಿಲ್ಲ ನೋಡು."

ಮರುದಿನವೇ ಬಾಡಿಗೆ ವ್ಯಾನು ಹತ್ತಿ ನಿಮ್ಮ ಮನೆಗೆ ಬಂದೆ. ನೀವು ಬಾಗಿಲು ತೆರೆದು, ಯಾರು ಎಂದು ಕೇಳದೆ, "ಒಳಗ್ ಬಾ ಮಗಳೇ. ಶೆದ್ಲಿ ಹಣೆ ನಿಂದು" ಎಂದಿರಿ. ನಾನು ಕೂರಲಿಲ್ಲ. ಆ ದನಿ ಯಾರದು ಎಂದು ಕೇಳಿದೆ. "ನಂದೇ" ಎಂದಿರಿ.

ನೀವು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಸ್ಟುಡಿಯೋದಲ್ಲಿ ಟೇಪಿನ ಕೆಲಸ ನಂದು. ನಿಮ್ಮಪ್ಪ ಹೋಗಿ ನಲವತ್ತು ದಿನ ಆಗಿರ್ಲಿಲ್ಲ. ಅವತ್ತು ಫುಟ್‌ಬಾಲ್ ಪಂದ್ಯ, ಖಾಲಿ ಟೇಪಿಲ್ಲ. ‘ಗೊಂಬೆ ಟೇಪಿನ ಮೇಲೇ ಹಾಕು, ಅದನ್ಯಾರು ಮತ್ತೆ ನೋಡ್ತಾರೆ?’ ಅಂದ್ರು ಮೇಲಿನವರು. ಗುಂಡಿ ಒತ್ತಿದ್ದು ಈ ಬೆರಳು. ನೀವು ಹುಡುಕ್ತಿರೋದು ಗೊತ್ತಾಗಿ, ಸಿಗೋದಿಲ್ಲ ಅಂತ ಹೇಳೋಣ ಅಂತಲೇ ಗುಂಪಿಗೆ ಸೇರಿದೆ ಕಣಮ್ಮಾ. ನಿಮ್ಮ ಸಂಭ್ರಮ ನೋಡಿ ಬಾಯಿ ಬರ್ಲಿಲ್ಲ. ಅವನ ದನಿ ಇನ್ನೂ ನನ್ನ ಕಿವೀಲಿದೆ. ನಾನೂ ಸತ್ರೆ ಅದೂ ಹೋಯ್ತಲ್ಲ ಅಂತ ಅವನ ಹಾಗೇ ಮಾತಾಡಿ ಕಳಿಸ್ಬಿಟ್ಟೆ."

ನಿಮ್ಮ ಕಣ್ಣು ಒದ್ದೆಯಾಗಿತ್ತು. ನನಗೆ ಅದರ ಮೇಲೂ ಅನುಮಾನ. ಚಹಾಕ್ಕೆ ಪುದೀನ ಕೀಳಲು ನೀವು ಅಂಗಳಕ್ಕೆ ಹೋದಾಗ, ಯಾರ ಮನೆಯಲ್ಲೂ ಮಾಡದ ಕೆಲಸ ಮಾಡಿದೆ. ನಿಮ್ಮ ಬೀರು ತೆರೆದೆ. ನಿಮ್ಮ ಹೆಂಡತಿಯ ಮಡಿಚಿಟ್ಟ ಬಟ್ಟೆಗಳ ಕೆಳಗೆ, ಹಳೇ ಕಾಲದ ದಪ್ಪ ಸ್ಟುಡಿಯೋ ಟೇಪು ಒಂದಿತ್ತು. ಮೇಲೆ ‘ಪಂದ್ಯ, ದ್ವಿತೀಯಾರ್ಧ’ ಎಂದು ಬರೆದಿತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು, ನೀವು ಕೊಟ್ಟ ಚಹಾ ಕುಡಿದು, ಬಾಗಿಲಲ್ಲಿ ನಿಮಗೆ ಕೈ ಕೊಟ್ಟು ಬಂದೆ.

ಟೇಪು ಅಳಿಸಿಹೋಗಿದೆ, ದನಿ ನಕಲಿ ಎಂದು ಗುಂಪಿನಲ್ಲಿ ಬರೆದೆ. ನಿಮ್ಮ ಹೆಸರು ಹೇಳಲಿಲ್ಲ, ನನ್ನ ಕಳ್ಳತನವನ್ನೂ ಹೇಳಲಿಲ್ಲ. ಯಾರೂ ನಂಬಲಿಲ್ಲ. "ಇವಳಿಗೆ ಸಿಕ್ಕಿದೆ, ಅದಕ್ಕೇ ಹೀಗೆ ಬರೀತಾಳೆ. ಏಳು ವರ್ಷ ನಮ್ಮನ್ನ ದುಡಿಸ್ಕೊಂಡ್ಳು" ಎಂದು ದಲೆಂದಾಳೇ ಬರೆದಳು. ಗುಂಪಿನ ಒಬ್ಬ ದೂರದ ಟೊಝೂರಿನಿಂದ ಬಂದು, ತಲೆನೋವಿನ ಮಾತ್ರೆ ಕೇಳುತ್ತಾ ನನ್ನ ಅಂಗಡಿಯ ಕಪಾಟುಗಳನ್ನೆಲ್ಲ ಕಣ್ಣಲ್ಲೇ ಜಾಲಾಡಿ ಹೋದ. ಅವನನ್ನು ಬೈಯಲು ನನಗೆ ಯಾವ ಮುಖವಿತ್ತು?

ಮದುವೆ ವಿಡಿಯೋ ಮಾಡುವ ಹಳಬರೊಬ್ಬರ ಹತ್ತಿರ ಆ ಟೇಪು ಓಡಿಸುವ ಯಂತ್ರ ಸಿಕ್ಕಿತು. ಪಂದ್ಯವನ್ನು ಪೂರ್ತಿ ನೋಡಿದೆ. ಒಂದು ಗೋಲೂ ಇಲ್ಲ. ಶಿಳ್ಳೆ ಊದಿತು, ಜನ ಮೈದಾನಕ್ಕೆ ನುಗ್ಗಿದರು, ಚಿತ್ರ ಕಲಕಿತು. "ಮುಗೀತಮ್ಮಾ" ಎಂದು ಅವರು ಯಂತ್ರ ನಿಲ್ಲಿಸಲು ಕೈ ಚಾಚಿದರು. "ಇರಿ" ಎಂದೆ. ಆಮೇಲೆ, ಪಂದ್ಯ ಅಳಿಸದೆ ಬಿಟ್ಟ ಟೇಪಿನ ತುದಿಯಲ್ಲಿ, ಹನ್ನೊಂದು ಸೆಕೆಂಡು ಗೊಂಬೆಯಾಟದ ನೀಲಿ ಪರದೆ ಕಾಣಿಸಿತು. ಗೊಂಬೆ ಇಲ್ಲ. ಪರದೆಯ ಹಿಂದೆ ಯಾರೋ ಕೆಮ್ಮಿದರು, ಸಣ್ಣಗೆ ನಕ್ಕರು, "ಸಾಕು, ಸಾಕು" ಎಂದರು. ಅಷ್ಟೇ.

ಫೋನಿನಲ್ಲಿ ಹಿಡಿದು ತಂದು ಅಮ್ಮನಿಗೆ ಕೇಳಿಸಿದೆ. "ಇನ್ನೊಂದ್ ಸಲ ಹಾಕು" ಎಂದಳು. ಮತ್ತೆ ಹಾಕಿದೆ. "ಅಪ್ಪನಾ?" ಎಂದೆ. "ಹೂಂ, ಅವನೇ" ಎಂದು ಬಟಾಣಿಯ ಬುಟ್ಟಿ ಎಳೆದುಕೊಂಡಳು. ಅಷ್ಟು ಬೇಗ ಹೇಳಿದ್ದೇಕೆ? ಮಾರ್ಚಿನಲ್ಲಿ ಮೂರು ನಿಮಿಷವೂ ಕೇಳಿದವಳಿಗೆ ಈಗ ಎರಡು ಮಾತು ಹೇಗೆ ಸಾಕಾಯಿತು? ನಾನಿನ್ನು ಹುಡುಕದಿರಲಿ ಎಂದು ಹೇಳಿದಳೋ ಏನೋ, ತಿಳಿಯದು.

ಆ ಕಂತು ಮಾಡಿದ ದಿನ ಸ್ಟುಡಿಯೋದಲ್ಲಿ ನೀವೂ ಇದ್ದಿರಿ, ಅಪ್ಪನೂ ಇದ್ದರು. ಕೆಮ್ಮಿ ನಕ್ಕವರು ಯಾರು, ಸಿ ಲಮ್ಜದ್? ನೀವೇ ಆಗಿದ್ದರೆ ನೀವೇ ಎಂದು ಹೇಳಿ. ಅಪ್ಪನೇ ಎಂದು ನೀವು ಆಣೆ ಮಾಡಿದರೂ ನಾನು ನಂಬುತ್ತೇನೋ ಇಲ್ಲವೋ, ಮಾತು ಕೊಡಲಾರೆ. ಆದರೂ ಶುಕ್ರವಾರ ಬನ್ನಿ. ಅಮ್ಮ ಮೀನಿನ ಕುಸ್ಕುಸ್ ಮಾಡುತ್ತಾಳೆ. ಅವಳ ಎದುರಿಗೆ ಕೂತು ಹೇಳಿ. ಹೇಳುವಾಗ ನಾನು ನಿಮ್ಮ ಮುಖ ನೋಡಬೇಕು.

ಅಲ್ಲಾಹನು ನಿಮ್ಮ ಹೆತ್ತವರ ಮೇಲೆ ಕರುಣೆಯಿಡಲಿ, ಶುಕ್ರವಾರದ ತನಕ ನಿಮ್ಮನ್ನು ಆರೋಗ್ಯವಾಗಿಟ್ಟಿರಲಿ.

ನಿಮ್ಮ ಟೇಪು ಕದ್ದವಳು,
ಶೆದ್ಲಿಯ ಮಗಳು ಬೇಯಾ