ಬಾಗಿಲ ಹಿಂದಿನ ದನಿ

ಅಪ್ಪನಿಗೆ ನಮಸ್ಕಾರ,

ಹಳೆಯ ಫಿಲ್ಮ್ ಲ್ಯಾಬಿನಲ್ಲಿ ಸಿಕ್ಕ, ನೀವು ನಿರ್ದೇಶಿಸಿದ ಸಿನಿಮಾವನ್ನು ನಿನ್ನೆ ನಮ್ಮ ಚಿತ್ರಸಂಘದಲ್ಲಿ ತೋರಿಸಿದೆವು. ನಲವತ್ತು ವರ್ಷದ ಹಿಂದೆ ಜನ ಅರ್ಧಕ್ಕೇ ಎದ್ದು ಹೋದರೆಂದು ನೀವು ಅದರ ಮಾತೇ ಎತ್ತುವುದಿಲ್ಲ. ನಿನ್ನೆ ಎದ್ದವರು ಇಬ್ಬರೇ. ಅವರಲ್ಲೊಬ್ಬರು ಬಸ್ಸಿಗೆ ಹೊತ್ತಾಯಿತೆಂದು ಹೇಳಿಯೇ ಹೋದರು.

ಕೊನೆಯಲ್ಲಿ ಅಭಿಪ್ರಾಯ ಕೇಳಿದೆವು. "ಎರಡು ಗಂಟೆ ಒಂದೇ ಕೋಣೆ ನೋಡಿ ನೋಡಿ ಸಾಕಾಯ್ತು," ಎಂದರು ಒಬ್ಬ ಮೇಷ್ಟ್ರು. ನಿವೃತ್ತ ನರ್ಸ್ ಒಪ್ಪಲಿಲ್ಲ. "ಕೊಲೆಗಾರ ಈಚೆ ಕೂತಿದ್ದಾನೆ, ಬಾಗಿಲ ಹಿಂದೆ ಅವಳು ಹಾಡ್ಕೊಂಡು ಪಾತ್ರೆ ತೊಳೀತಿದ್ದಾಳೆ. ಅವಳಿಗೇನೂ ಆಗದೇ ಇರ್ಲಿ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ಮುಖಾನೇ ತೋರಿಸಲಿಲ್ಲ. ಯಾರಮ್ಮ ಅದು?"

"ನಮ್ಮಮ್ಮ," ಎಂದೆ.

ಸಿನಿಮಾದ ಶುರುವಿನಲ್ಲಿ ಬಾಗಿಲ ಹಿಂದಿನ ದನಿಯೆಂದು ತೆರೆಯ ಮೇಲೆ ಅವಳ ಹೆಸರು ಬಂದಾಗಲೇ ನನಗೂ ಗೊತ್ತಾದದ್ದು. ನನಗೆ ವರ್ಷ ತುಂಬುವ ಮೊದಲೇ ತೀರಿಹೋದವಳ ದನಿ ಕೇಳಿದ್ದು ಇದೇ ಮೊದಲು.

ಭಾನುವಾರ ಬೆಳಿಗ್ಗೆ ಮತ್ತೆ ತೋರಿಸುತ್ತೇವೆ. ನಿಮ್ಮ ಮಂಡಿಗೆ ಅನುಕೂಲವಾಗಲೆಂದು ಅಂಚಿನ ಕುರ್ಚಿ ಹಿಡಿದಿಟ್ಟಿದ್ದೇನೆ, ಪಕ್ಕದ್ದು ನನ್ನದು. ಸಿನಿಮಾದ ಬಗ್ಗೆ ಏನೂ ಮಾತಾಡಬೇಕಿಲ್ಲ. ನನ್ನನ್ನು ಮಲಗಿಸುವಾಗಲೂ ಅಮ್ಮ ಅದೇ ಹಾಡು ಹೇಳುತ್ತಿದ್ದಳೇ ಎಂಬುದೊಂದನ್ನು ತಿಳಿಸಿದರೆ ಸಾಕು.

ನಿಮ್ಮ ದಾರಿ ಕಾಯುವ
ಮಗಳು